ಕಲಬುರಗಿಯಲ್ಲಿ ಡಿಶ್‌ವಾಶರ್ ರಿಪೇರಿ: ನೀರು ಕಾಯದಿದ್ದರೆ ಹೀಟರೇ ಹೋಗಿರಬೇಕೆಂದಿಲ್ಲ

ಮೊದಲೇ ಹೇಳಿಬಿಡುತ್ತೇನೆ. ಡಿಶ್‌ವಾಶರ್ ನೀರು ಕಾಯಿಸುತ್ತಿಲ್ಲ ಎಂದು ಕರೆಸಿದ ಟೆಕ್ನಿಷಿಯನ್ ಮೀಟರ್ ಹಚ್ಚಿ ನೋಡದೆ «ಹೀಟರ್ ಹೋಗಿದೆ» ಎಂದರೆ ಒಪ್ಪಬೇಡಿ. ನಮ್ಮ ಮನೆಯ ಮಷೀನಿಗೆ ಹೀಟರ್ ಮತ್ತು ಬೋರ್ಡ್ (ಮಷೀನನ್ನು ನಡೆಸುವ ಎಲೆಕ್ಟ್ರಾನಿಕ್ ಸರ್ಕ್ಯೂಟ್) ಎರಡೂ ಬದಲಿಸಬೇಕು, 11,000 ರೂಪಾಯಿ ಆಗುತ್ತದೆ ಎಂದಿದ್ದರು. ಕೊನೆಗೆ ಸರಿಯಾಗಿದ್ದು 1,200 ರೂಪಾಯಿಯಲ್ಲಿ. ಹೀಟರ್ ಹಳೆಯದೇ ಇದೆ, ಬೋರ್ಡೂ ಹಳೆಯದೇ. ಈಗ ಪಾತ್ರೆ ತೆಗೆಯುವಾಗ ಕೈ ಸುಡುವಷ್ಟು ಬಿಸಿ ಇರುತ್ತದೆ.

ಸರಿ ಮಾಡಿದ್ದು ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯ ಒಂದು ಸಣ್ಣ ಅಂಗಡಿ. ಹೆಸರಿನ ಬೋರ್ಡ್ ಇಲ್ಲ. ಶಟರ್ ಮೇಲೆ ಪೇಂಟಿನಲ್ಲಿ ಮಿಕ್ಸರ್, ಗೀಜರ್, ವಾಷಿಂಗ್ ಮಷೀನ್ ಎಂದು ಬರೆದಿದೆ ಅಷ್ಟೇ. ಅಂಗಡಿಯವರಿಗೆ ವಯಸ್ಸಾಗಿದೆ, ಗಲ್ಲಿಯವರೆಲ್ಲ ಚಾಚಾ ಎನ್ನುತ್ತಾರೆ, ಜೊತೆಗೆ ಒಬ್ಬ ಹುಡುಗ ಇದ್ದಾನೆ. 5ಕ್ಕೆ ನಾಲ್ಕೂವರೆ ಕೊಡುತ್ತೇನೆ. ಆ ಅರ್ಧ ಯಾಕೆ ಕಡಿಮೆ ಎಂಬುದನ್ನೂ ಕೆಳಗೆ ಬರೆದಿದ್ದೇನೆ.

ನಮ್ಮ ಮನೆ ಜೇವರ್ಗಿ ರೋಡ್ ಕಡೆ. ತುಂಬಿದ ಮನೆ, ದಿನಾ ಎರಡು ಹೊತ್ತು ರೊಟ್ಟಿ. ಅತ್ತೆಯವರಿಗೆ ಬೆರಳುಗಳ ಸಂಧಿ ನೋವು, ಚಳಿಗಾಲದಲ್ಲಿ ತಣ್ಣೀರು ಮುಟ್ಟಲು ಆಗುವುದಿಲ್ಲ. ಹಾಗಾಗಿ ಈ ಮಷೀನ್ ನಮಗೆ ಶೋಕಿಯ ವಸ್ತು ಅಲ್ಲ. ಕೆಟ್ಟರೆ ಅವರೇ ಮೊದಲು ಸಿಂಕ್ ಮುಂದೆ ನಿಲ್ಲುತ್ತಾರೆ, ಬೇಡ ಎಂದರೂ ಕೇಳುವುದಿಲ್ಲ.

ನೀರು ಕಾಯುತ್ತಿಲ್ಲ ಎಂದು ಹೇಗೆ ಗೊತ್ತಾಗುತ್ತದೆ? ಮಷೀನ್ ನಿಲ್ಲುವುದಿಲ್ಲ. ಎಂದಿನಂತೆ ನೀರು ತುಂಬುತ್ತದೆ, ತಿರುಗುತ್ತದೆ, ಚೆಲ್ಲುತ್ತದೆ. ಆದರೆ ಎಣ್ಣೆಗಾಯಿ ಮಾಡಿದ ಬೋಗುಣಿಗೆ ಬೆರಳು ಎಳೆದರೆ ಜಿಡ್ಡು ಹಾಗೇ ಇರುತ್ತದೆ. ಶೇಂಗಾ ಹಿಂಡಿಯ ಡಬ್ಬಿಯ ಮುಚ್ಚಳದಲ್ಲಿ ಬಿಳಿ ಪುಡಿ ಕೂತಿರುತ್ತದೆ. ಟ್ಯಾಬ್ಲೆಟ್ ಪೂರ್ತಿ ಕರಗದೆ ತಳದಲ್ಲಿ ಮೆತ್ತಗೆ ಉಳಿಯುತ್ತದೆ. ಎಲ್ಲಕ್ಕಿಂತ ದೊಡ್ಡ ಗುರುತು, ಪಾತ್ರೆ ಒಣಗುವುದಿಲ್ಲ. ಹೆಚ್ಚಿನ ಡಿಶ್‌ವಾಶರ್‌ಗಳಲ್ಲಿ ಒಣಗಿಸಲು ಬೇರೆ ಫ್ಯಾನ್ ಏನೂ ಇರುವುದಿಲ್ಲ. ಕೊನೆಯ ಸಲ ತೊಳೆಯುವ ನೀರನ್ನು ಚೆನ್ನಾಗಿ ಕಾಯಿಸುತ್ತದೆ, ಆ ಬಿಸಿಗೆ ಪಾತ್ರೆಯ ಮೇಲಿನ ನೀರು ಆವಿಯಾಗಿ ಮಷೀನಿನ ತಣ್ಣನೆಯ ಸ್ಟೀಲ್ ಗೋಡೆಗೆ ತಾಗಿ ಇಳಿದುಹೋಗುತ್ತದೆ. ನೀರೇ ಕಾಯದಿದ್ದರೆ ಒಣಗುವುದು ಎಲ್ಲಿಂದ? ಕೆಲವು ಮಷೀನ್‌ಗಳಲ್ಲಿ ಉಳಿದ ಸಮಯ ಒಂದೇ ಕಡೆ ನಿಂತುಬಿಡುತ್ತದೆ. ಯಾಕೆಂದರೆ ನೀರು ಹೇಳಿದ ಬಿಸಿಗೆ ಬರುವವರೆಗೆ ಅದು ಮುಂದಿನ ಹೆಜ್ಜೆ ಇಡುವುದಿಲ್ಲ. ಕೆಲವು ಮಷೀನ್‌ಗಳು ತೊಂದರೆ ಎಲ್ಲಿದೆ ಎಂದು ಸೂಚಿಸುವ ಕೋಡ್ ತೋರಿಸುತ್ತವೆ. ಬಾಷ್‌ನಲ್ಲಿ ಇ09, ಎಲ್‌ಜಿಯಲ್ಲಿ ಎಚ್‌ಇ ಬಂದರೆ ಹೀಟರ್ ಕಡೆಯ ತೊಂದರೆ ಎಂದರ್ಥ. ಇಲ್ಲಿ ಒಂದು ಮಾತು ನೆನಪಿಡಿ, ಕೋಡ್ ಬಂದಿದ್ದು ಹೀಟರ್ ಕಡೆಯ ದಾರಿಯಲ್ಲಿ ಎಲ್ಲೋ ತೊಂದರೆ ಇದೆ ಎಂದು ಹೇಳಲು. ಆ ದಾರಿಯಲ್ಲಿ ಹೀಟರ್ ಇದೆ, ವೈರ್ ಇದೆ, ಸೆನ್ಸರ್ ಇದೆ, ನೀರು ತುಂಬಿದೆಯೇ ಎಂದು ನೋಡುವ ಪ್ರೆಶರ್ ಸ್ವಿಚ್ ಇದೆ, ಹೀಟರಿಗೆ ಕರೆಂಟ್ ಬಿಡುವ ಬೋರ್ಡಿನ ಸ್ವಿಚ್, ಅಂದರೆ ರಿಲೇ ಇದೆ. ಕೋಡ್ ನೋಡಿದ ತಕ್ಷಣ ಹೀಟರ್ ಬದಲಿಸು ಎನ್ನುವವರು ಇಷ್ಟನ್ನೂ ಹಾರಿ ಮುಂದೆ ಹೋಗಿರುತ್ತಾರೆ.

ನಮ್ಮ ಊರಿನಲ್ಲಿ ಇನ್ನೊಂದು ವಿಶೇಷ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 42-43 ಡಿಗ್ರಿ ಬಿಸಿಲು. ಮಾಳಿಗೆ ಮೇಲಿನ ಕಪ್ಪು ಟ್ಯಾಂಕಿನ ನೀರು ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಕೈ ಇಡಲು ಆಗುವುದಿಲ್ಲ. ಆ ನೀರು ಮಷೀನಿಗೆ ಹೋದರೆ ಹೀಟರ್ ಕೆಲಸ ಮಾಡದಿದ್ದರೂ ಪಾತ್ರೆ ಒಂದು ಮಟ್ಟಿಗೆ ಸ್ವಚ್ಛ ಆಗುತ್ತದೆ. ಬೇಸಿಗೆಯ ಆ ವಾತಾವರಣದಲ್ಲಿ ಪಾತ್ರೆ ತಾನಾಗಿಯೇ ಒಣಗುತ್ತದೆ. ಹಾಗಾಗಿ ಇಲ್ಲಿ ಈ ತೊಂದರೆ ಬೇಸಿಗೆಯಲ್ಲಿ ಶುರುವಾದರೂ ಕಣ್ಣಿಗೆ ಬೀಳುವುದು ದೀಪಾವಳಿ ಆದ ಮೇಲೆ, ಬೆಳಗಿನ ನೀರು ತಣ್ಣಗೆ ಕೊರೆಯಲು ಶುರುವಾದಾಗ. ಚಾಚಾ ಹೇಳಿದ್ದೂ ಅದನ್ನೇ, ಗೀಜರ್ ಮತ್ತು ಡಿಶ್‌ವಾಶರ್ ರಿಪೇರಿ ಎರಡೂ ಅವರ ಅಂಗಡಿಗೆ ನವೆಂಬರ್‌ನಿಂದ ಜಾಸ್ತಿ ಬರುತ್ತವಂತೆ. ನಮಗೂ ಹಾಗೇ ಆಯಿತು. ಎಳ್ಳ ಅಮಾವಾಸ್ಯೆ ಹತ್ತಿರ ಬರುತ್ತಿತ್ತು. ಭಜ್ಜಿ, ಸಜ್ಜೆ ರೊಟ್ಟಿ, ಹೊಲಕ್ಕೆ ಬುತ್ತಿ ಎಂದು ಮನೆಯಲ್ಲಿ ಎಷ್ಟು ಪಾತ್ರೆ ಬೀಳುತ್ತವೆ ಎಂಬುದು ಈ ಕಡೆಯವರಿಗೆ ಹೇಳಬೇಕಾಗಿಲ್ಲ.

ಮೊದಲು ಕಂಪನಿಯ ಸರ್ವಿಸ್‌ಗೇ ಫೋನ್ ಮಾಡಿದ್ದೆವು. ಯಾವ ಕಂಪನಿ ಎಂದು ಇಲ್ಲಿ ಬರೆಯುವುದಿಲ್ಲ. ವಾರಂಟಿ ಮುಗಿದಿತ್ತು. ಬಂದ ಹುಡುಗ ಮರ್ಯಾದೆಯಿಂದಲೇ ಮಾತಾಡಿದ, ಆ ವಿಷಯದಲ್ಲಿ ದೂರು ಇಲ್ಲ. ಆದರೆ ಬ್ಯಾಗಿನಲ್ಲಿ ಮಲ್ಟಿಮೀಟರ್ ಇದ್ದರೂ ಹೊರಗೆ ತೆಗೆಯಲಿಲ್ಲ. ಬಾಗಿಲು ತೆರೆದ, ಕೋಡ್ ನೋಡಿದ, ಫೋನಿನಲ್ಲಿ ಫೋಟೋ ಹೊಡೆದ, ಹೀಟರ್ ಅಸೆಂಬ್ಲಿ ಮತ್ತು ಬೋರ್ಡ್ ಎರಡೂ ಸೇರಿ ಎಸ್ಟಿಮೇಟ್ ಬರೆದ. ಎರಡೂ ಯಾಕೆ ಎಂದು ಕೇಳಿದರೆ, «ಒಂದೇ ಬದಲಿಸಿದರೆ ಗ್ಯಾರಂಟಿ ಕೊಡೋಕಾಗಲ್ಲ ಮೇಡಂ» ಎಂದ. ಇದು ನನಗೆ ತುಂಬಾ ಬೇಜಾರು ತರಿಸಿತು. ಯಾವುದು ಕೆಟ್ಟಿದೆ ಎಂದು ಗೊತ್ತಿಲ್ಲದೆ ಎರಡನ್ನೂ ಬದಲಿಸುವುದಾದರೆ, ಗೊತ್ತುಮಾಡಿಕೊಳ್ಳದ ಅವರ ಕೆಲಸಕ್ಕೆ ನಾವು ದುಡ್ಡು ತುಂಬಿದಂತೆ ಅಲ್ವಾ? ವಿಸಿಟಿಂಗ್ ಚಾರ್ಜ್ ಕೊಟ್ಟು, ಎಸ್ಟಿಮೇಟ್ ಇಟ್ಟುಕೊಂಡು, ಯೋಚನೆ ಮಾಡಿ ಹೇಳುತ್ತೇವೆ ಎಂದೆವು. ಚಾಚಾ ಅವರ ಅಂಗಡಿ ಹೇಳಿದ್ದು ನಮ್ಮ ಪಕ್ಕದ ಮನೆಯವರು, ಅವರ ವಾಷಿಂಗ್ ಮಷೀನ್ ಅಲ್ಲೇ ರಿಪೇರಿ ಆಗಿತ್ತು.

ಈಗ ಚಾಚಾ ಏನು ಮಾಡಿದರು ಎಂಬುದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ರಿಪೇರಿಯವರು ಹೀಗೆ ನೋಡಬೇಕು ಎಂದು ಗೊತ್ತಿದ್ದರೆ ಯಾರನ್ನು ಕರೆಸಿದರೂ ನೀವೇ ಕೇಳಬಹುದು.

ಬಂದ ಕೂಡಲೇ ಮಷೀನ್ ಬಿಚ್ಚಲಿಲ್ಲ. ಖಾಲಿ ಮಷೀನಿನಲ್ಲಿ 65 ಡಿಗ್ರಿಯ ಪ್ರೋಗ್ರಾಂ ಹಾಕಲು ಹೇಳಿದರು. ಅವರ ಹತ್ತಿರ ಒಂದು ಸಣ್ಣ ಜಂಕ್ಷನ್ ಬಾಕ್ಸ್ ಇದೆ, ಅದರಲ್ಲಿ ಒಂದು ವೈರನ್ನು ಬೇರೆಯಾಗಿ ಹೊರಗೆ ತೆಗೆದಿದ್ದಾರೆ. ಪ್ಲಗ್ ಅದಕ್ಕೆ ಹಾಕಿ, ಆ ಒಂಟಿ ವೈರಿಗೆ ಕ್ಲ್ಯಾಂಪ್ ಮೀಟರ್ (ವೈರಿನ ಸುತ್ತ ಹಿಡಿದು ಎಷ್ಟು ಕರೆಂಟ್ ಹರಿಯುತ್ತಿದೆ ಎಂದು ಅಳೆಯುವುದು) ಹಚ್ಚಿ ಸುಮ್ನೆ ಕೂತರು. ನೀರು ತುಂಬಿತು, ಪಂಪ್ ತಿರುಗಿತು, ಮೀಟರ್‌ನಲ್ಲಿ 0.4 ಆಂಪಿಯರ್. ಒಂದು ಕಪ್ ಚಹಾ ಮುಗಿಯಿತು, ಇನ್ನೂ 0.4. «ಪಂಪ್ ಅಷ್ಟೇ ನಡಿಲಕತ್ತದ ಬೇಟಾ, ಹೀಟರಿಗಿ ಕರೆಂಟೇ ಹೋಗವಲ್ದು» ಎಂದರು. ಹೀಟರ್ ಚಾಲೂ ಆಗಿದ್ದರೆ 8 ಆಂಪಿಯರ್ ಹತ್ತಿರ ತೋರಿಸಬೇಕಿತ್ತು. 1,800 ವ್ಯಾಟ್ ಹೀಟರ್, 230 ವೋಲ್ಟ್, ಭಾಗಿಸಿದರೆ ಅಷ್ಟೇ ಬರುತ್ತದೆ.

ಕ್ಲ್ಯಾಂಪ್ ಮೀಟರ್ ನಿಮ್ಮ ಹತ್ತಿರ ಇರುವುದಿಲ್ಲ, ಆದರೆ ಮನೆಯ ಹೊರಗೆ ಕರೆಂಟ್ ಮೀಟರ್ ಇದೆಯಲ್ಲ, ಅದರಲ್ಲೇ ನೋಡಬಹುದು. ಇದನ್ನೂ ಅವರೇ ಹೇಳಿಕೊಟ್ಟರು. ಡಿಜಿಟಲ್ ಮೀಟರ್‌ನಲ್ಲಿ ಒಂದು ಕೆಂಪು ದೀಪ ಮಿನುಗುತ್ತಿರುತ್ತದೆ, ಪಕ್ಕದಲ್ಲಿ ಒಂದು ಯೂನಿಟ್‌ಗೆ ಎಷ್ಟು ಸಲ ಮಿನುಗುತ್ತದೆ ಎಂದು ಬರೆದಿರುತ್ತದೆ. ನಮ್ಮದರಲ್ಲಿ 3200. ಮನೆಯ ಉಳಿದದ್ದೆಲ್ಲ ಆಫ್ ಮಾಡಿ ಡಿಶ್‌ವಾಶರ್ ಒಂದನ್ನೇ ನಡೆಸಿ. ಪಂಪ್ ಮಾತ್ರ ತಿರುಗುತ್ತಿದ್ದರೆ ದೀಪ ಹತ್ತು ಸೆಕೆಂಡಿಗೆ ಒಂದು ಸಲ ಮಿನುಗಿದರೆ ಹೆಚ್ಚು. ಹೀಟರ್ ಚಾಲೂ ಆದ ತಕ್ಷಣ ಸೆಕೆಂಡಿಗೆ ಒಂದಕ್ಕಿಂತ ಜಾಸ್ತಿ, ಟಕ ಟಕ ಟಕ ಎಂದು ಮಿನುಗಲು ಶುರುವಾಗುತ್ತದೆ. ಫ್ರಿಜ್ ಆಫ್ ಮಾಡುವುದನ್ನು ಮರೆಯಬೇಡಿ, ಅದು ನಡುವೆ ಚಾಲೂ ಆದರೆ ಲೆಕ್ಕ ತಪ್ಪುತ್ತದೆ. ಒಂದು ಪೈಸೆ ಖರ್ಚಿಲ್ಲದೆ, ಒಂದು ಸ್ಕ್ರೂ ಬಿಚ್ಚದೆ, ನಿಮ್ಮ ಹೀಟರಿಗೆ ಕರೆಂಟ್ ಹೋಗುತ್ತಿದೆಯೋ ಇಲ್ಲವೋ ಎಂದು ಮನೆಯಲ್ಲೇ ಗೊತ್ತಾಗುತ್ತದೆ. ನನಗಂತೂ ಈ ಒಂದು ಉಪಾಯಕ್ಕೇ ಅವರಿಗೆ ಕೊಟ್ಟ ದುಡ್ಡು ಸಾರ್ಥಕ ಅನಿಸಿತು.

ಆಮೇಲೆ ಪ್ಲಗ್ ತೆಗೆಸಿ, ಎಂಸಿಬಿಯನ್ನೂ ಇಳಿಸಿ, ಮಷೀನ್ ಹೊರಗೆಳೆದು ಕೆಳಗಿನ ತಗಡು ಬಿಚ್ಚಿದರು. ಹೀಟರಿನ ಎರಡು ಪಿನ್‌ಗೆ ಮಲ್ಟಿಮೀಟರ್ ಹಚ್ಚಿದರೆ 28.6 ಓಮ್ (ಕರೆಂಟಿಗೆ ಎಷ್ಟು ತಡೆ ಇದೆ ಎಂಬ ಅಳತೆ). ಮೀಟರನ್ನು ನನ್ನ ಕಡೆ ತಿರುಗಿಸಿ, «ನೋಡು, ಹೀಟರ್ ಛಲೋ ಅದ. ಹೋಗಿದ್ರ ಇಲ್ಲಿ ನಂಬರೇ ಬರ್ತಿದ್ದಿಲ್ಲ» ಎಂದರು. ಸುಟ್ಟು ತುಂಡಾದ ಹೀಟರ್ ಯಾವ ಓಮನ್ನೂ ತೋರಿಸುವುದಿಲ್ಲ, 1,800 ವ್ಯಾಟ್‌ನದ್ದು ಸರಿ ಇದ್ದರೆ 29ರ ಆಸುಪಾಸು ಬರಬೇಕು. ಹೀಟರ್ ಪಿನ್‌ನಿಂದ ಮಷೀನಿನ ಬಾಡಿಗೂ ನೋಡಿದರು, ಲೀಕ್ ಇರಲಿಲ್ಲ. ಲೀಕ್ ಇದ್ದರೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿಯೇ ಬಂದ್ ಮಾಡುವ ಸ್ವಿಚ್) ಬೀಳುತ್ತದೆ, ಅದು ಇಲ್ಲದ, ಅರ್ಥಿಂಗ್ ಸರಿ ಇಲ್ಲದ ಮನೆಯಲ್ಲಿ ಮಷೀನ್ ಮುಟ್ಟಿದರೆ ಜುಂ ಎನ್ನುತ್ತದೆ. ಅಂಥದ್ದು ಒಂದು ಸಲ ಆದರೂ ಮಷೀನ್ ಬಳಸುವುದನ್ನು ಅಲ್ಲಿಗೇ ನಿಲ್ಲಿಸಿ.

ಮುಂದೆ ಸೆನ್ಸರ್. ನೀರು ಎಷ್ಟು ಬಿಸಿಯಾಗಿದೆ ಎಂದು ಬೋರ್ಡಿಗೆ ಹೇಳುವ ಚಿಕ್ಕ ಎನ್‌ಟಿಸಿ ಅದು. ಬಿಸಿ ಏರಿದಂತೆ ಅದರ ಓಮ್ ಇಳಿಯಬೇಕು. ಅಡುಗೆಮನೆಯಿಂದ ಒಂದು ಲೋಟ ಬಿಸಿನೀರು ತರಿಸಿ ಮಷೀನಿನ ತಳಕ್ಕೆ ಹೊಯ್ದರು. ಮೀಟರ್‌ನ ನಂಬರ್ ನೋಡುನೋಡುತ್ತಲೇ ಇಳಿಯಿತು. ಸೆನ್ಸರ್ ಸರಿ ಇದೆ. ಅದು ಕೆಟ್ಟು ನೀರು ಆಗಲೇ ಬಿಸಿಯಾಗಿದೆ ಎಂದು ಸುಳ್ಳು ಹೇಳುತ್ತಿದ್ದರೆ ಬೋರ್ಡ್ ಹೀಟರನ್ನು ಚಾಲೂ ಮಾಡುವುದೇ ಇಲ್ಲ, ಆಗ ಜನ ಹೀಟರ್ ಬದಲಿಸುತ್ತಾರೆ, ನೀರು ಮಾತ್ರ ತಣ್ಣಗೇ ಇರುತ್ತದೆ. ಪ್ರೆಶರ್ ಸ್ವಿಚ್‌ನ ಸಣ್ಣ ಪೈಪಿಗೆ ಬಾಯಿಂದ ಊದಿದರು, ಟಿಕ್ ಎಂದಿತು. ಅದೂ ಸರಿ.

ಉಳಿದದ್ದು ಬೋರ್ಡ್. ಅದು ನಮ್ಮ ಮಷೀನಿನಲ್ಲಿ ಬಾಗಿಲಿನ ಒಳಗಿದೆ. ಬಿಚ್ಚಿ, ತಿರುಗಿಸಿ, ವಾಚ್ ರಿಪೇರಿಯವರು ಇಟ್ಟುಕೊಳ್ಳುವಂಥ ಭೂತಗನ್ನಡಿ ನನ್ನ ಕೈಗೆ ಕೊಟ್ಟು ನೋಡಲು ಹೇಳಿದರು. ಹೀಟರಿಗೆ ಕರೆಂಟ್ ಬಿಡುವ ಕಪ್ಪು ರಿಲೇಯ ಒಂದು ಕಾಲಿನ ಸುತ್ತ, ಬೆಸುಗೆಯಲ್ಲಿ ಕೂದಲೆಳೆಯಷ್ಟು ತೆಳ್ಳಗೆ ಒಂದು ಉಂಗುರದಂಥ ಬಿರುಕು. ಅದರ ಸುತ್ತ ಬೋರ್ಡಿನ ಹಸಿರು ಬಣ್ಣ ಕಂದಾಗಿ, ಅಂಚಿನಲ್ಲಿ ಕಪ್ಪಾಗಿತ್ತು. ಬಿದಿರಿನ ಕಡ್ಡಿಯಿಂದ ಒತ್ತಿದರೆ ಆ ಕಾಲು ಅಲ್ಲಾಡುತ್ತಿತ್ತು. ಬರಿಗಣ್ಣಿಗೆ ಏನೂ ಕಾಣುವುದಿಲ್ಲ. 11,000 ರೂಪಾಯಿಯ ಎಸ್ಟಿಮೇಟ್ ಹಿಂದೆ ಇದ್ದದ್ದು ಇಷ್ಟೇ ಬಿರುಕು.

ಯಾಕೆ ಹೀಗಾಗುತ್ತದೆ ಎಂದರೆ, ಪ್ರತಿ ಸಲ ತೊಳೆಯುವಾಗ ಆ ಬೆಸುಗೆಯ ಮೂಲಕ 8 ಆಂಪಿಯರ್ ಹರಿಯುತ್ತದೆ, ಅದು ಬಿಸಿಯಾಗುತ್ತದೆ, ಮತ್ತೆ ತಣ್ಣಗಾಗುತ್ತದೆ. ವರ್ಷಗಟ್ಟಲೆ ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಕಿಡಿ ಹಾರುತ್ತದೆ, ಸುತ್ತ ಸುಡುತ್ತದೆ. ಮೊದಲು ಒಂದು ದಿನ ಕಾಯುತ್ತದೆ, ಒಂದು ದಿನ ಇಲ್ಲ, ಆಮೇಲೆ ಪೂರ್ತಿ ಬಂದ್. ಹಾಗಾಗಿ ನಿಮ್ಮ ಮಷೀನ್ ಒಮ್ಮೆ ಬಿಸಿ, ಒಮ್ಮೆ ತಣ್ಣಗೆ ಎಂದು ಆಟ ಆಡುತ್ತಿದ್ದರೆ ರಿಲೇ, ಬೆಸುಗೆ, ವೈರ್ ತುದಿಯ ಪಿನ್ ಇವನ್ನು ಮೊದಲು ನೋಡಿ ಎಂದು ಕೇಳಿ. ಹೀಟರ್ ಹೋದರೆ ಸಾಮಾನ್ಯವಾಗಿ ಒಂದೇ ಸಲಕ್ಕೆ ಹೋಗುತ್ತದೆ, ಬಂದು ಹೋಗಿ ಮಾಡುವುದು ಕಡಿಮೆ.

ಬೋರ್ಡ್ ಅಂಗಡಿಗೆ ಒಯ್ದರು. ಹಳೆಯ ಬೆಸುಗೆ ಎಳೆದು ತೆಗೆದು, ಸುಟ್ಟ ಜಾಗವನ್ನು ಕೆರೆದು, ದಪ್ಪ ತಾಮ್ರದ ತಂತಿ ಒಂದನ್ನು ಜೊತೆಗೆ ಇಟ್ಟು ಹೊಸದಾಗಿ ಬೆಸೆದರು. ರಿಲೇ ಒಳಗಿನ ಕಾಂಟ್ಯಾಕ್ಟ್ ಕೂಡ ಸುಟ್ಟಿರಬಹುದು ಎಂದು ಅದನ್ನೂ ಬದಲಿಸಿದರು. ಅಷ್ಟೇ ಆಂಪಿಯರ್‌ನ ರಿಲೇ ಊರಲ್ಲೇ ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಯಲ್ಲಿ ಸಿಕ್ಕಿತು, ನೂರು ರೂಪಾಯಿ ಒಳಗೆ. ಹಳೆಯ ರಿಲೇಯನ್ನು ನಾನು ಕೇಳುವ ಮೊದಲೇ ನನ್ನ ಕೈಗೆ ಕೊಟ್ಟರು. ಇದು ನನಗೆ ಬಹಳ ಹಿಡಿಸಿತು. ಯಾರೇ ರಿಪೇರಿ ಮಾಡಲಿ, ತೆಗೆದ ಪಾರ್ಟ್ ವಾಪಸ್ ಕೇಳಿ. ಕೊಡಲು ಹಿಂದೆ ಮುಂದೆ ನೋಡಿದರೆ ಅಲ್ಲೇ ಅರ್ಥ ಮಾಡಿಕೊಳ್ಳಿ.

ಬೋರ್ಡ್ ಕೂರಿಸಿದ ಮೇಲೆ ಮತ್ತೆ ಅದೇ ಕ್ಲ್ಯಾಂಪ್ ಮೀಟರ್. ಈ ಸಲ ನೀರು ತುಂಬಿ ಸ್ವಲ್ಪ ಹೊತ್ತಿಗೆ 0.4 ಇದ್ದದ್ದು ಏಳರ ಹತ್ತಿರ ಹಾರಿತು. ಎಂಟು ಯಾಕಿಲ್ಲ ಎಂದು ಕೇಳಿದೆ. ಆಗ ಎರಡನೇ ವಿಷಯ ಹೊರಗೆ ಬಂತು. ಸಂಜೆ ಏಳು ಗಂಟೆ, ಸಾಕೆಟ್‌ನಲ್ಲಿ ವೋಲ್ಟೇಜ್ 198. ಹೀಟರ್ ಚಾಲೂ ಆದ ಮೇಲೆ ಮಷೀನ್ ಹತ್ತಿರ 190. ಮಷೀನ್ ಕೂರಿಸಿದವರು ತೆಳ್ಳನೆಯ ಎಕ್ಸ್‌ಟೆನ್ಶನ್ ವೈರ್ ಹಾಕಿ ಹೋಗಿದ್ದರು, ಅದನ್ನು ಮುಟ್ಟಿದರೆ ಬೆಚ್ಚಗಿತ್ತು. ವೋಲ್ಟೇಜ್ ಕಡಿಮೆಯಾದರೆ ಹೀಟರಿನ ಶಕ್ತಿ ಅದಕ್ಕಿಂತ ಜೋರಾಗಿ ಬೀಳುತ್ತದೆ. ವೋಲ್ಟೇಜ್ ಅರ್ಧ ಆದರೆ ಬಿಸಿ ಕಾಲು ಭಾಗ. 230ರಲ್ಲಿ 1,800 ವ್ಯಾಟ್ ಕೊಡುವ ಹೀಟರ್ 190ರಲ್ಲಿ ಸುಮಾರು 1,230 ವ್ಯಾಟ್ ಅಷ್ಟೇ ಕೊಡುತ್ತದೆ, 180ಕ್ಕೆ ಇಳಿದರೆ 1,100. ಅಂದರೆ ನೀರು ಕಾಯುತ್ತದೆ, ಆದರೆ ಒಂದೂವರೆ ಪಟ್ಟು ಸಮಯ ಬೇಕು. ಕೆಲವು ಮಷೀನ್ ಕಾಯುತ್ತಾ ಕೂರುತ್ತವೆ, ಕೆಲವು ಟೈಮ್ ಮುಗಿಯಿತು ಎಂದು ಅರೆಬಿಸಿ ನೀರಿನಲ್ಲೇ ಮುಂದೆ ಹೋಗುತ್ತವೆ ಅಥವಾ ಕೋಡ್ ತೋರಿಸುತ್ತವೆ. ಇಂಥ ಕಡೆ ಹೀಟರ್ ಬದಲಿಸಿ ಏನು ಪ್ರಯೋಜನ?

ಎಕ್ಸ್‌ಟೆನ್ಶನ್ ಕಿತ್ತು, ಗೋಡೆಯ 16 ಆಂಪಿಯರ್ ಸಾಕೆಟ್‌ಗೆ ನೇರ ಹಾಕಿದರು. ರಾತ್ರಿ ಹತ್ತರ ಮೇಲೆ ನಡೆಸಿ ಎಂದರು, ಆ ಹೊತ್ತಿಗೆ ನಮ್ಮ ಓಣಿಯಲ್ಲಿ ವೋಲ್ಟೇಜ್ 215ರ ಮೇಲೆ ಬರುತ್ತದೆ. ಸ್ಟೆಬಿಲೈಜರ್ ಬೇಕಾ ಎಂದು ಕೇಳಿದ್ದಕ್ಕೆ, «ಈಗ ಬ್ಯಾಡ. ಮೊದಲ ರಾತ್ರಿ ನಡಸಿ ನೋಡು» ಎಂದರು. ಅವರ ಅಂಗಡಿಯಲ್ಲೇ ಸ್ಟೆಬಿಲೈಜರ್ ಮಾರಾಟಕ್ಕೆ ಇಟ್ಟಿದ್ದಾರೆ. ಮಾರಬಹುದಿತ್ತು, ಮಾರಲಿಲ್ಲ.

ನೀರಿನ ವಿಷಯ ಬರೆಯದಿದ್ದರೆ ಕಲಬುರಗಿಯವರಿಗೆ ಈ ರಿವ್ಯೂ ಅರ್ಧ ಆದಂತೆ. ಶಹಾಬಾದ್ ಕಲ್ಲು, ಸೇಡಂ ಮತ್ತು ವಾಡಿಯ ಸಿಮೆಂಟ್ ಫ್ಯಾಕ್ಟರಿಗಳು, ಇವೆಲ್ಲ ನಮ್ಮ ಜಿಲ್ಲೆಯ ನೆಲದಲ್ಲಿ ಎಷ್ಟು ಸುಣ್ಣ ಇದೆ ಎಂದು ಹೇಳುತ್ತವೆ. ನಮ್ಮ ಕಡೆಯ ಬೋರ್ ನೀರು ಗಡಸು. ಬಕೆಟ್ ಅಂಚಿನಲ್ಲಿ, ಗೀಜರ್ ಕಾಯಿಲ್ ಮೇಲೆ ಕೂರುವ ಬಿಳಿ ಪದರ ಎಲ್ಲರೂ ನೋಡಿದ್ದೇ. ಡಿಶ್‌ವಾಶರ್ ಹೀಟರ್ ಮೇಲೂ ಅದೇ ಕೂರುತ್ತದೆ. ಆಗ ಬಿಸಿ ನೀರಿಗೆ ಹೋಗದೆ ಹೀಟರ್ ಒಳಗೇ ಉಳಿದು ಅದನ್ನೇ ಸುಡುತ್ತದೆ. ಇದಕ್ಕಾಗಿಯೇ ಮಷೀನಿನ ತಳದಲ್ಲಿ ಉಪ್ಪಿನ ಡಬ್ಬಿ ಇದೆ. ಒಳಗಿನ ರೆಸಿನ್ (ಸಣ್ಣ ಮಣಿಗಳಂಥ ವಸ್ತು) ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತದೆ, ಉಪ್ಪುನೀರು ಆ ರೆಸಿನ್ ಅನ್ನು ಮತ್ತೆ ತೊಳೆದು ತಯಾರು ಮಾಡುತ್ತದೆ. ಉಪ್ಪು ಖಾಲಿಯಾದರೆ ಈ ಕೆಲಸ ನಿಲ್ಲುತ್ತದೆ. ಡಿಶ್‌ವಾಶರ್ ಉಪ್ಪೇ ಹಾಕಿ, ಅಡುಗೆಯ ಪುಡಿ ಉಪ್ಪು ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಇನ್ನೊಂದು, ಮಷೀನಿನಲ್ಲಿ ನೀರಿನ ಗಡಸುತನ ಎಷ್ಟು ಎಂದು ಸೆಟ್ ಮಾಡುವುದಿದೆ. ಫ್ಯಾಕ್ಟರಿಯಿಂದ ಬಂದ ನಂಬರಿನಲ್ಲೇ ಬಿಟ್ಟರೆ ನಮ್ಮ ಬೋರ್ ನೀರಿಗೆ ಅದು ಸಾಲದು. ಮ್ಯಾನುಯಲ್ ನೋಡಿ ಏರಿಸಿ. ಪದರ ಆಗಲೇ ಕೂತಿದ್ದರೆ ಡಿಶ್‌ವಾಶರ್‌ಗೆಂದೇ ಸಿಗುವ ಡಿಸ್ಕೇಲರ್ ಹಾಕಿ ಖಾಲಿ ಮಷೀನನ್ನು ಬಿಸಿ ಪ್ರೋಗ್ರಾಂನಲ್ಲಿ ನಡೆಸಬೇಕು. ಇದನ್ನು ನೀರು ಕಾಯಲು ಶುರುವಾದ ಮೇಲೆ ಮಾಡಿ, ತಣ್ಣೀರಿನಲ್ಲಿ ಅಷ್ಟಾಗಿ ಕೆಲಸ ಮಾಡುವುದಿಲ್ಲ.

ಯಾರನ್ನೂ ಕರೆಸುವ ಮೊದಲು ನೀವೇ ನೋಡಬಹುದಾದದ್ದು ಸ್ವಲ್ಪ ಇದೆ. ಯಾವ ಪ್ರೋಗ್ರಾಂ ಹಾಕಿದ್ದೀರಿ ಎಂದು ನೋಡಿ, ಇಕೋದಲ್ಲಿ ನೀರು 45-50 ಡಿಗ್ರಿ ಅಷ್ಟೇ, ಬರೀ ರಿನ್ಸ್ ಮಾಡುವ ಪ್ರೋಗ್ರಾಂನಲ್ಲಿ ಕಾಯುವುದೇ ಇಲ್ಲ. ಫಿಲ್ಟರ್ ತೆಗೆದು ತೊಳೆಯಿರಿ. ಅನ್ನದ ಅಗುಳು, ರೊಟ್ಟಿಯ ಚೂರು, ತೊಗರಿಬೇಳೆ ಕಟ್ಟಿಕೊಂಡು ಪಂಪಿಗೆ ನೀರು ಸರಿಯಾಗಿ ಬರದಿದ್ದರೆ ಮಷೀನ್ ಹೀಟರನ್ನು ಚಾಲೂ ಮಾಡುವುದಿಲ್ಲ, ನೀರಿಲ್ಲದೆ ಹೀಟರ್ ಸುಡಬಾರದು ಎಂದು ಹಾಗೆ ಮಾಡಿರುತ್ತಾರೆ. ನೀರಿನ ಪ್ರೆಶರ್ ಕೂಡ ನೋಡಿ. ಎಷ್ಟೋ ಮಷೀನ್‌ಗಳಿಗೆ ಕನಿಷ್ಠ 0.3ರಿಂದ 0.5 ಬಾರ್ ಬೇಕು. ಟ್ಯಾಂಕ್ 10 ಮೀಟರ್ ಎತ್ತರದಲ್ಲಿದ್ದರೆ 1 ಬಾರ್ ಬರುತ್ತದೆ. ಅಡುಗೆಮನೆ ಮೇಲಿನ ಮಹಡಿಯಲ್ಲಿದ್ದು ಟ್ಯಾಂಕ್ ಅದರ ಮಾಳಿಗೆ ಮೇಲೇ ಇದ್ದರೆ ಸಿಗುವುದು 3 ಮೀಟರ್, ಅಂದರೆ 0.3 ಬಾರ್, ಅದೂ ಟ್ಯಾಂಕ್ ತುಂಬಿದಾಗ. ಅಂಥ ಮನೆಯಲ್ಲಿ ನೀರು ಸಾಕಷ್ಟು ತುಂಬದೆ ಹೀಟರ್ ಸುಮ್ಮನೆ ಕೂತಿರಬಹುದು. ಇದಕ್ಕಿಂತ ಮುಂದೆ, ಮಷೀನ್ ಬಿಚ್ಚುವ ಕೆಲಸಕ್ಕೆ ದಯವಿಟ್ಟು ಕೈ ಹಾಕಬೇಡಿ. ನೀರು ಮತ್ತು 230 ವೋಲ್ಟ್ ಒಂದೇ ಕಡೆ ಇವೆ.

ನಮ್ಮ ಮಾಳಿಗೆ ಮೇಲೆ ಸೋಲಾರ್ ಇದೆ, ಅದರ ಬಿಸಿನೀರನ್ನೇ ನೇರ ಮಷೀನಿಗೆ ಕೊಟ್ಟರೆ ಹೇಗೆ ಎಂದು ನಮ್ಮವರು ಕೇಳಿದರು. ಎಷ್ಟೋ ಕಂಪನಿಗಳ ಮ್ಯಾನುಯಲ್‌ನಲ್ಲಿ 60 ಡಿಗ್ರಿವರೆಗಿನ ನೀರು ಕೊಡಬಹುದು ಎಂದಿರುತ್ತದೆ. ಆದರೆ ಇಲ್ಲಿಯ ಬೇಸಿಗೆಯಲ್ಲಿ ಸೋಲಾರ್ ನೀರು ಅದನ್ನು ದಾಟುವುದು ದೊಡ್ಡ ಮಾತಲ್ಲ, ಪೈಪು ಹಾಳಾಗಬಹುದು. ಚಾಚಾ ಬೇಡ ಎಂದರು, ನಾವೂ ಬಿಟ್ಟೆವು.

ಇನ್ನು ಆ ಅರ್ಧ ಸ್ಟಾರ್. ಚಾಚಾ ಹೇಳಿದ ಟೈಮಿಗೆ ಬರುವುದಿಲ್ಲ. ಬೆಳಗ್ಗೆ ಎಂದರೆ ಮಧ್ಯಾಹ್ನ ಆಗುತ್ತದೆ, ಫೋನ್ ಎತ್ತುವುದೂ ಕಡಿಮೆ. ಪ್ರಿಂಟ್ ಬಿಲ್ ಇಲ್ಲ, ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಗ್ಯಾರಂಟಿ ಬಾಯಿಮಾತಿನದ್ದು, ಆರು ತಿಂಗಳು. ಬೋರ್ಡ್ ಒಯ್ದಾಗ ಯಾವ ರಸೀದಿಯನ್ನೂ ಕೊಡಲಿಲ್ಲ, ಪಕ್ಕದ ಮನೆಯವರ ಪರಿಚಯ ಇಲ್ಲದಿದ್ದರೆ ನಾನು ಕೊಡುತ್ತಿರಲಿಲ್ಲ. ಕಂಪನಿಯದ್ದೇ ಪಾರ್ಟ್ ಬೇಕಾದರೆ ಹೈದರಾಬಾದ್ ಅಥವಾ ಸೊಲ್ಲಾಪುರದಿಂದ ತರಿಸಬೇಕು, ಅದಕ್ಕೆ ಎಷ್ಟು ದಿನ ಎಂದು ಅವರೂ ಖಾತ್ರಿ ಕೊಡುವುದಿಲ್ಲ. ಮಷೀನ್ ಇನ್ನೂ ವಾರಂಟಿಯಲ್ಲಿದ್ದರೆ ಅಲ್ಲಿಗೆ ಹೋಗಲೇಬೇಡಿ, ಕಂಪನಿಯವರನ್ನೇ ಕರೆಸಿ. ಹೊರಗಿನವರು ಬಿಚ್ಚಿದರೆ ವಾರಂಟಿ ಹೋಗುತ್ತದೆ. ಮತ್ತು ಕಂಪನಿಯವರು ಸುಮ್ನೆ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಅಲ್ಲಿ ದೂರು ಕೊಡಬಹುದು.

ಇಷ್ಟೆಲ್ಲ ಇದ್ದರೂ ನಾನು ಮತ್ತೆ ಅಲ್ಲಿಗೇ ಹೋಗುತ್ತೇನೆ. ಒಂದೊಂದೇ ಪಾರ್ಟ್ ಅಳೆದು, ಸರಿ ಇದ್ದದ್ದನ್ನು ಸರಿ ಇದೆ ಎಂದು ಹೇಳಿ, ಕೆಟ್ಟದ್ದನ್ನು ಮಾತ್ರ ಮುಟ್ಟಿದರು. ಹುಡುಗನಿಗೂ ಪ್ರತಿ ಹೆಜ್ಜೆಯಲ್ಲಿ ಮೀಟರ್ ಕೊಟ್ಟು, «ಎಷ್ಟ್ ಬಂತು, ಹಂಗಂದ್ರ ಏನು» ಎಂದು ಕೇಳುತ್ತಿದ್ದರು. ಹುಡುಗ ತಪ್ಪು ಹೇಳಿದಾಗ ಬೈಯಲಿಲ್ಲ, ಮತ್ತೊಮ್ಮೆ ಹಚ್ಚಿ ನೋಡು ಎಂದರು. ಊರಿನಲ್ಲಿ ಇಂಥ ಕೆಲಸಗಾರರು ಇದ್ದಾರೆ, ಅವರ ಕೈಯಲ್ಲಿ ಕಲಿಯುತ್ತಿರುವವರೂ ಇದ್ದಾರೆ ಎಂಬುದು ನನಗೆ ನಿಜಕ್ಕೂ ಖುಷಿ.

ಹೋಗುವವರಿಗೆ: ಮನೆಗೆ ಬಂದು ನೋಡಲು 300 ರೂಪಾಯಿ, ರಿಪೇರಿ ಮಾಡಿಸಿದರೆ ಅದನ್ನು ಒಟ್ಟು ಬಿಲ್‌ನಲ್ಲಿ ಕಳೆಯುತ್ತಾರೆ. ನಗದು ಅಥವಾ ಫೋನ್ ಪೇ, ಎರಡೂ ನಡೆಯುತ್ತದೆ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಅಂಗಡಿ ಮುಚ್ಚಿರುತ್ತದೆ, ನಾಲ್ಕರ ಮೇಲೆ ಹೋಗಿ. ಹೋಗುವಾಗ ಮಷೀನಿನ ಬಾಗಿಲಿನ ಅಂಚಿನಲ್ಲಿರುವ ಮಾಡೆಲ್ ನಂಬರಿನ ಫೋಟೋ ಮತ್ತು ಕೋಡ್ ಬಂದಿದ್ದರೆ ಅದರ ಫೋಟೋ ಎರಡನ್ನೂ ತೆಗೆದುಕೊಂಡು ಹೋಗಿ, ಅದನ್ನು ನೋಡಿಯೇ ಅವರು ಯಾವ ಸಾಮಾನು ಜೊತೆಗೆ ತರಬೇಕು ಎಂದು ತೀರ್ಮಾನಿಸುತ್ತಾರೆ.